ಮಧ್ಯಾಹ್ನ ಮೂರು ಗಂಟೆಗೆ ಕಟ್ಟಡ ನೋಡಿ

ಪ್ರಶ್ನೆ: ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದವನು. ನಮ್ಮೂರಿಗೆ ಹೊಸ ಗ್ರಂಥಾಲಯ ಬರುವ ಮಾತು ನಡೆಯುತ್ತಿದೆ. ಸಭೆಯಲ್ಲಿ ಕೆಲವರು ಮುಂಭಾಗ ಪೂರ್ತಿ ಗಾಜು ಇರಲಿ ಎಂದರು. ಇನ್ನು ಕೆಲವರು ಮೇಲೊಂದು ಗುಮ್ಮಟ, ಮುಂದೆ ದೇವಸ್ಥಾನದಂಥ ಕಂಬ ಇದ್ದರೆ ಮಾತ್ರ ನಮ್ಮ ಸಂಸ್ಕೃತಿ ಕಾಣುತ್ತದೆ ಎಂದರು. ಹೆಸರಾದ ಸಾರ್ವಜನಿಕ ಕಟ್ಟಡಗಳು ಊರಿನ ಸಂಸ್ಕೃತಿಯನ್ನೂ ಹವಾಮಾನವನ್ನೂ ತೋರಿಸುತ್ತವೆ ಅಂತ ಓದಿದ್ದೇನೆ. ನಮ್ಮ ಕಡೆ ಅದು ಎಲ್ಲಿ ಕಾಣುತ್ತದೆ? ಹೊಸ ಕಟ್ಟಡಕ್ಕೆ ನಾವು ಏನು ಕೇಳಬೇಕು?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಏಪ್ರಿಲ್ ತಿಂಗಳ ಯಾವುದಾದರೂ ದಿನ ಮಧ್ಯಾಹ್ನ ಮೂರು ಗಂಟೆಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ. ಶಿಲ್ಪ ನೋಡಲು ಬೇಡ. ಜನ ಎಲ್ಲಿ ಕೂತಿದ್ದಾರೆ ಅಂತ ನೋಡಲು ಹೋಗಿ.

ಚಪ್ಪಲಿ ಬಿಟ್ಟು ಅಂಗಳ ದಾಟುವಾಗ ಕಾಲು ಸುಡುತ್ತದೆ. ಓಡುತ್ತೀರಿ. ಎಲ್ಲರೂ ಓಡುತ್ತಾರೆ. ಸಾಲುಮಂಟಪದ ಸೂರಿನೊಳಗೆ ಕಾಲಿಟ್ಟ ತಕ್ಷಣ ಅದೇ ಜಾತಿಯ ಕಲ್ಲು ತಣ್ಣಗಿರುತ್ತದೆ. ಅಲ್ಲಿ ಗೋಡೆಗೆ ಒರಗಿ ಕೂತ ಅಜ್ಜಿ, ಟವೆಲ್ ಹಾಸಿ ಮಲಗಿದವರು, ಬುತ್ತಿ ಬಿಚ್ಚಿದ ಸಂಸಾರ, ಎಲ್ಲರೂ ಸಿಗುತ್ತಾರೆ. ಅವರಿಗೆ ಯಾರೂ ಅಲ್ಲೇ ಕೂರಿ ಅಂತ ಹೇಳಿಲ್ಲ. ಕಟ್ಟಡವೇ ಕೂರಿಸಿದೆ.

ಆ ದೇವಸ್ಥಾನಕ್ಕೆ ಒಂಬತ್ತನೇ ಶತಮಾನದ ಆರಂಭದ ಶಾಸನದ ಆಧಾರ ಇದೆ. ಬಾಣರು, ನೊಳಂಬರು, ಚೋಳರು, ಹೊಯ್ಸಳರು, ಕೊನೆಗೆ ವಿಜಯನಗರದವರು, ಹೀಗೆ ಒಬ್ಬರ ನಂತರ ಒಬ್ಬರು ಅದಕ್ಕೆ ಕೈ ಹಚ್ಚಿದ್ದಾರೆ. ಗರ್ಭಗುಡಿಗಳು ಚಿಕ್ಕವು. ಆದರೆ ಕಾಲ ಕಳೆದಂತೆ ಸುತ್ತ ಮಂಟಪ, ಕೈಸಾಲೆ, ಪ್ರಾಕಾರ, ಕಲ್ಯಾಣಿ ಬೆಳೆಯುತ್ತಾ ಹೋದವು. ಅಂದರೆ ಬಂದ ರಾಜರೆಲ್ಲ ಹೆಚ್ಚಿಸಿದ್ದು ಜನ ನಿಲ್ಲುವ, ಕೂರುವ, ಕಾಯುವ ಜಾಗವನ್ನೇ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ನಮ್ಮ ಕಡೆಯ ಸಂಸ್ಕೃತಿ ಮತ್ತು ಹವಾಮಾನ ಎರಡೂ ಒಟ್ಟಿಗೆ ಸಿಗುವ ಜಾಗ ಕಟ್ಟಡದ ತುದಿಯಲ್ಲಿ ಇಲ್ಲ. ಒಳಗೂ ಅಲ್ಲದ, ಹೊರಗೂ ಅಲ್ಲದ ಆ ನಡುವಿನ ನೆರಳಲ್ಲಿ ಇದೆ. ಜಗಲಿ, ಪಡಸಾಲೆ, ಮಂಟಪ, ಕಟ್ಟೆ ಅಂತೆಲ್ಲ ನಾವು ಕರೆಯುವುದು ಅದನ್ನೇ.

ಯಾಕೆ ಹೀಗೆ ಅಂತ ಅರ್ಥವಾಗಬೇಕಾದರೆ ನಮ್ಮ ಹವೆ ಎಂಥದ್ದು ಅಂತ ಸ್ವಲ್ಪ ನೋಡಬೇಕು.

ನಾವಿರುವುದು ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಎತ್ತರದ ಬಯಲಲ್ಲಿ. ಬೇಸಿಗೆಯಲ್ಲಿ ಮಧ್ಯಾಹ್ನ 34, 35 ಡಿಗ್ರಿ ಸೆಕೆ. ಅದೇ ದಿನ ಬೆಳಗಿನ ಜಾವ 20, 21ಕ್ಕೆ ಇಳಿಯುತ್ತದೆ. ಒಂದೇ ದಿನದೊಳಗೆ 13, 14 ಡಿಗ್ರಿ ಏರಿಳಿತ. ಗಾಳಿ ಒಣಗಿದ್ದು. ಮೈಯ ಬೆವರು ಬೇಗ ಆರುತ್ತದೆ. ಹಾಗಾಗಿ ನಮ್ಮಲ್ಲಿ ನೆರಳಿಗೆ ಬಂದರೆ ಅರ್ಧ ಗೆದ್ದ ಹಾಗೆ. ಮಂಗಳೂರಿನಲ್ಲಿ ಹೀಗಿಲ್ಲ. ಅಲ್ಲಿ ನೆರಳಲ್ಲಿ ಕೂತರೂ ಅಂಗಿ ಮೈಗೆ ಅಂಟುತ್ತದೆ, ರಾತ್ರಿಯೂ ಸೆಕೆ ಬಿಡುವುದಿಲ್ಲ. ಮಳೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ. ಅದಕ್ಕೇ ಅಲ್ಲಿ ಕಡಿದಾದ ಹೆಂಚಿನ ಮಾಡು, ಗಾಳಿ ಆಡುವ ಮರದ ಜಾಲರಿ. ನಮ್ಮಲ್ಲಿ ಮಳೆ 700 ಮಿಲಿಮೀಟರ್ ಆಸುಪಾಸು. ಪಾವಗಡದ ಕಡೆ ಇನ್ನೂ ಕಡಿಮೆ. ಅದೂ ಹದವಾಗಿ ಬರುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸಂಜೆ ಗುಡುಗಿ ಒಂದು ಗಂಟೆಯಲ್ಲಿ ಸುರಿದು ಹೋಗುತ್ತದೆ. ಆ ಮಳೆಗೆ ಚಪ್ಪಟೆ ತಾರಸಿ ಸಾಕು. ಆದರೆ ಸುರಿದ ನೀರನ್ನು ಹಿಡಿದಿಡದಿದ್ದರೆ ಮುಂದಿನ ಆರು ತಿಂಗಳು ಗತಿ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ ಎಲ್ಲ ನಂದಿಯ ಸುತ್ತಿನ ಬೆಟ್ಟಗಳಲ್ಲೇ ಹುಟ್ಟುತ್ತವೆ. ನಮ್ಮಲ್ಲಿ ಮಾತ್ರ ಆ ನದಿಗಳಲ್ಲಿ ವರ್ಷವಿಡೀ ನೀರಿರುವುದಿಲ್ಲ. ಅದಕ್ಕೇ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆ ಕಟ್ಟಿದರು.

ಭೋಗನಂದೀಶ್ವರದ ಕಲ್ಯಾಣಿಯನ್ನು ಈ ಕಣ್ಣಿಂದ ನೋಡಿ. ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಕಂಬಸಾಲು. ನೀರು ಎಷ್ಟೇ ಕೆಳಗಿಳಿದರೂ ಕೈಗೆ ಸಿಗಬೇಕು, ಅದಕ್ಕೆ ಮೆಟ್ಟಿಲು. ತುಂಬಿದ ಕಲ್ಯಾಣಿ ಮತ್ತು ತಳ ಕಂಡ ಕಲ್ಯಾಣಿ ಎರಡಕ್ಕೂ ಒಂದೇ ವಿನ್ಯಾಸ ಹೊಂದುತ್ತದೆ. ಬರ ಬರುತ್ತದೆ ಅಂತ ಗೊತ್ತಿದ್ದವರು ಕಟ್ಟಿದ್ದು ಅದು.

ಇನ್ನು ಕಲ್ಲಿನ ಮಾತು. ಕಲ್ಲಿನ ಕಟ್ಟಡ ತಣ್ಣಗಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜ ಅಲ್ಲ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗ್ರಾನೈಟು ಬಿಸಿಯನ್ನು ಇಟ್ಟಿಗೆ, ಮಣ್ಣಿಗಿಂತ ಬೇಗ ಸಾಗಿಸುತ್ತದೆ. ಬರೀ ಮೂರು ಇಂಚಿನ ಚಪ್ಪಡಿ ಹೊದಿಸಿದ ಮನೆಯಲ್ಲಿ ಮಲಗಿದವರಿಗೆ ಇದು ಗೊತ್ತು. ಸಂಜೆ ಆರಕ್ಕೆ ಮೇಲಿನಿಂದ ಝಳ ಇಳಿಯುತ್ತದೆ. ತಣ್ಣಗಿಡುವುದು ಗೋಡೆಯ ದಪ್ಪ. ಒಂದೂವರೆ ಅಡಿ, ಎರಡು ಅಡಿ ದಪ್ಪದ ಗೋಡೆಗೆ ಬೆಳಿಗ್ಗೆಯಿಂದ ಬಿದ್ದ ಬಿಸಿಲು ಒಳಮುಖ ತಲುಪಲು ಸುಮಾರು ಹತ್ತು ಗಂಟೆ ಬೇಕು. ಅಷ್ಟರಲ್ಲಿ ಹೊರಗೆ ಕತ್ತಲಾಗಿ ತಂಗಾಳಿ ಬೀಸುತ್ತಿರುತ್ತದೆ. ಆಗ ಕಿಟಕಿ ತೆಗೆದರೆ ಆ ಬಿಸಿ ಹೊರಗೆ ಹೋಗುತ್ತದೆ. ರಾತ್ರಿಯಿಡೀ ಗೋಡೆ ತಣಿದು ಮಾರನೇ ದಿನಕ್ಕೆ ತಯಾರಾಗುತ್ತದೆ. ಈ ಲೆಕ್ಕ ನಡೆಯುವುದು ರಾತ್ರಿ ತಂಪಾಗುವ ಊರಲ್ಲಿ ಮಾತ್ರ. ನಮ್ಮದು ಅಂಥ ಊರು.

ಹಳೆಯ ಗುಡಿಗಳ ಮಾಳಿಗೆ ಹತ್ತಿ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಚಪ್ಪಡಿಯ ಮೇಲೆ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ, ದಪ್ಪವಾಗಿ ಹಾಕಿ ನೀರು ಹರಿದುಹೋಗುವ ದೋಣಿಯ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ಹಳ್ಳಿಯ ಮಾಳಿಗೆ ಮನೆಯಲ್ಲೂ ಅದೇ ಬುದ್ಧಿ. ಜಂತೆ, ಮೇಲೆ ಹಲಗೆಯೋ ಚಪ್ಪಡಿಯೋ, ಅದರ ಮೇಲೆ ಅರ್ಧ ಅಡಿಗೂ ಜಾಸ್ತಿ ಮಣ್ಣು. ನಿಮ್ಮ ಕಡೆ, ಬಾಗೇಪಲ್ಲಿ ಸುತ್ತ, ತೆಲುಗು ಬೆರೆತ ಮಾತಲ್ಲಿ ಮಿದ್ದೆ ಮನೆ ಅನ್ನುತ್ತಾರಲ್ವಾ, ಅದೇ. 13 ಡಿಗ್ರಿ ಅಕ್ಷಾಂಶದಲ್ಲಿ ನಮಗೆ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವಿಗೆ ಒಮ್ಮೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಒಂದಂತಸ್ತಿನ ಕಟ್ಟಡಕ್ಕೆ ಅತಿ ಹೆಚ್ಚು ಬಿಸಿ ಇಳಿಯುವುದು ಮಾಳಿಗೆಯಿಂದ. ಹಳಬರು ಅಲ್ಲಿ ದಪ್ಪ ಮಾಡಿದರು. ನಾವು ಐದು ಇಂಚಿನ ಕಾಂಕ್ರೀಟು ಹಾಕಿ ಕೈ ತೊಳೆದುಕೊಂಡೆವು. ಕಾಂಕ್ರೀಟು ಮಧ್ಯಾಹ್ನ ಹನ್ನೆರಡರ ಬಿಸಿಯನ್ನು ಮೂರು, ನಾಲ್ಕು ಗಂಟೆಗೆ, ಶಾಲೆ ಕಚೇರಿ ನಡೆಯುವ ಹೊತ್ತಿಗೇ, ನಮ್ಮ ತಲೆ ಮೇಲೆ ಇಳಿಸುತ್ತದೆ.

ಹಾಗಂತ ಕಲ್ಲು ಬೇಡ ಅನ್ನುತ್ತಿಲ್ಲ. ಕಲ್ಲು ನಮ್ಮ ಕೈಗೆ ಸುಲಭವಾಗಿ ಸಿಕ್ಕಿದ್ದು, ಅದರ ಜೊತೆ ಒಂದು ವಿದ್ಯೆಯೂ ಬೆಳೆದಿದ್ದು. ಬಂಡೆಯ ಮೇಲೆ ಸೌದೆ ಉರಿ ಹಾಕಿ, ಆ ಉರಿಯನ್ನು ನಿಧಾನಕ್ಕೆ ಸರಿಸುತ್ತಾ ಹೋದರೆ ಮೇಲಿನ ಪದರ ತಾನಾಗಿ ಏಳುತ್ತದೆ. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿಯೇ ಪದರ ಎಲ್ಲಿಯವರೆಗೆ ಬಿಟ್ಟಿದೆ ಅಂತ ಹೇಳುತ್ತಾರೆ. ಬೋವಿ ಸಮುದಾಯದ ಹಿರಿಯರು ಇದನ್ನು ಮಾಡುವುದನ್ನು ನಾನು ಚಿಕ್ಕಂದಿನಲ್ಲಿ ಗಂಟೆಗಟ್ಟಲೆ ನಿಂತು ನೋಡಿದ್ದೇನೆ. ಆ ಚಪ್ಪಡಿಗಳೇ ನಮ್ಮ ಗುಡಿಯ ಛಾವಣಿ, ಮನೆಯ ಜಗಲಿ, ತೋಟದ ಬೇಲಿ, ಕಾಲುವೆಯ ಸೇತುವೆ. ದ್ರಾಕ್ಷಿ ಚಪ್ಪರದ ಕಂಬವೂ ಕಲ್ಲೇ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಇವತ್ತಿಗೂ ಉಳಿ ಸದ್ದು ನಿಂತಿಲ್ಲ. ಹೊಸ ಕಟ್ಟಡದಲ್ಲಿ ನಮ್ಮ ಸಂಸ್ಕೃತಿ ಬೇಕು ಅನ್ನುವವರು ಪ್ಲಾಸ್ಟರ್ ಅಚ್ಚಿನ ಕಂಬ ತರಿಸುವ ಬದಲು ಅಂಥ ಊರಿನ ಕಲ್ಲುಕುಟಿಗರಿಗೆ ನಾಲ್ಕು ಕಂಬದ ಕೆಲಸ ಕೊಟ್ಟರೆ ನನಗೆ ಜಾಸ್ತಿ ಖುಷಿ. ಆ ಕಂಬ ಒಂದು ಸೂರನ್ನು ಹೊರಬೇಕು, ಸುಮ್ನೆ ನಿಂತಿರಬಾರದು.

ಸಂಸ್ಕೃತಿ ಅಂದಾಗ ನಾವು ಅಲಂಕಾರವನ್ನು ಮಾತ್ರ ನೆನೆಯುತ್ತೇವೆ. ಕೋಲಾರದ ಕೋಲಾರಮ್ಮನ ಗುಡಿಗೆ ಹೋಗಿ. ಚೋಳರ ಕಾಲದ ಶಾಸನಗಳಿರುವ ಗುಡಿ. ಅಲ್ಲಿ ಚೇಳಮ್ಮ ಇದ್ದಾಳೆ. ಚೇಳು ಕಡಿಯದಂತೆ ಕಾಯುವ ತಾಯಿ ಅಂತ ಜನ ಹರಕೆ ಹೊತ್ತು ಕಾಣಿಕೆ ಹಾಕುತ್ತಾರೆ. ಬಂಡೆ, ಕಲ್ಲುಗೋಡೆ, ಒಣ ಸೌದೆ ಇರುವ ಊರಲ್ಲಿ ಚೇಳು ದಿನನಿತ್ಯದ ಭಯ. ಆ ಭಯಕ್ಕೆ ಒಂದು ದೇವತೆ, ಆ ದೇವತೆಗೆ ಒಂದು ಕಲ್ಲಿನ ಮನೆ. ಹವಾಮಾನ, ನೆಲ, ನಂಬಿಕೆ ಮೂರೂ ಒಂದೇ ಕಡೆ ಸೇರಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಂಥದ್ದನ್ನು ನಕಲು ಮಾಡಿ ತರಲು ಆಗುವುದಿಲ್ಲ.

ಅದೇ ಊರಿನ ಸೋಮೇಶ್ವರ ದೇವಸ್ಥಾನ ವಿಜಯನಗರ ಕಾಲದ್ದು. ಆ ಕಾಲದ ಮಂಟಪಗಳ ಸೂರು ನೋಡಿ. ಕಪೋತ ಅನ್ನುತ್ತೇವೆ. ಬಾಗಿದ ಕಲ್ಲಿನ ಅಂಚು ಮುಂದಕ್ಕೆ ಚಾಚಿರುತ್ತದೆ, ಕೆಳಗೆ ಮರದ ತೊಲೆ ಜೋಡಿಸಿದಂತೆ ಕೆತ್ತಿರುತ್ತಾರೆ. ಫೋಟೋ ತೆಗೆಯುವವರು ಆ ಕೆತ್ತನೆ ನೋಡುತ್ತಾರೆ. ಆ ಅಂಚಿನ ನೆರಳು ಕಂಬದ ಎಷ್ಟು ಕೆಳಗಿನವರೆಗೆ ಬಿದ್ದಿದೆ ಅಂತ ನೀವು ನೋಡಿ. ಸಂಜೆಯ ಗಾಳಿ ಮಳೆಯ ಎರಚಲು ಎಲ್ಲಿಗೆ ನಿಲ್ಲುತ್ತದೆ ಅಂತಲೂ ನೋಡಿ.

ತುಮಕೂರು ಜಿಲ್ಲೆಯ ಶಿರಾ ಒಂದು ಕಾಲಕ್ಕೆ ಮೊಗಲರ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿ. ಅದಕ್ಕೂ ಮೊದಲು ಬಿಜಾಪುರದವರ ಕೈಯಲ್ಲಿತ್ತು. ಬಿಜಾಪುರದ ಸುಬೇದಾರ ಮಲಿಕ್ ರಿಹಾನನ 1651ರ ಗೋರಿ, 1696ರ ಜುಮ್ಮಾ ಮಸೀದಿ ಇವತ್ತೂ ನಿಂತಿವೆ. ಕಟ್ಟಿಸಿದವರ ಶೈಲಿ ಬಿಜಾಪುರದ ಕಡೆಯಿಂದ, ಉತ್ತರದ ಕಡೆಯಿಂದ ಬಂದದ್ದು. ಕಲ್ಲು ಮಾತ್ರ ನಮ್ಮದೇ. ಮಸೀದಿಗಳಲ್ಲಿ ನನಗೆ ತುಂಬಾ ಹಿಡಿಸುವ ವಿಷಯ ಒಂದಿದೆ. ಭಾರತದಲ್ಲಿ ಪ್ರಾರ್ಥನೆಯ ದಿಕ್ಕು ಪಶ್ಚಿಮ. ಹಾಗಾಗಿ ಪಶ್ಚಿಮದ ಗೋಡೆ ಪೂರ್ತಿ ಮುಚ್ಚಿರುತ್ತದೆ, ಪೂರ್ವಕ್ಕೆ ಕಮಾನುಗಳು ಅಂಗಳಕ್ಕೆ ತೆರೆದಿರುತ್ತವೆ. ಅದು ಧರ್ಮದ ಕಾರಣಕ್ಕೆ ಆದದ್ದು. ಆದರೆ ಮಧ್ಯಾಹ್ನ ಮೂರರ ನಂತರದ ಬಿಸಿಲನ್ನು ತಡೆಯಲು ನಾನು ಕೂತು ನಕ್ಷೆ ಹಾಕಿದರೂ ಹಾಗೇ ಹಾಕುತ್ತೇನೆ. ನಮ್ಮ ಗುಡಿಗಳೂ ಹೆಚ್ಚಾಗಿ ಪೂರ್ವಕ್ಕೆ ಬಾಗಿಲು ತೆರೆದು ಪಶ್ಚಿಮಕ್ಕೆ ಬೆನ್ನು ಕೊಟ್ಟಿರುತ್ತವೆ. ಅಂದಹಾಗೆ, ಶಿರಾದಲ್ಲಿದ್ದ ಮೊಗಲ್ ಸುಬೇದಾರ ದಿಲಾವರ್ ಖಾನನ ಅರಮನೆಯನ್ನು ನೋಡಿಯೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳನ್ನು ಕಟ್ಟಿದರು ಅಂತ ಹೇಳುತ್ತಾರೆ. ಟಿಪ್ಪುವಿನ ಬೆಂಗಳೂರು ಅರಮನೆಯ ಎತ್ತರದ ಮರದ ಕಂಬಗಳ ತೆರೆದ ಹಜಾರದಲ್ಲಿ ನಿಂತಾಗೆಲ್ಲ ನನಗೆ ಶಿರಾದ ಬಯಲು ನೆನಪಾಗುತ್ತದೆ.

ಈಗ ಗುಮ್ಮಟಕ್ಕೆ ಬರೋಣ. ನಿಮ್ಮ ಸಭೆಯಲ್ಲಿ ಗುಮ್ಮಟ ಕೇಳಿದವರ ಮನಸ್ಸಿನಲ್ಲಿ ಇರುವುದು ವಿಧಾನಸೌಧ. ಅದರಲ್ಲಿ ತಪ್ಪಿಲ್ಲ. ಕೆಂಗಲ್ ಹನುಮಂತಯ್ಯನವರು ಪಟ್ಟು ಹಿಡಿದು ಕಟ್ಟಿಸಿದ ಕಟ್ಟಡ. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದರು, 1956ರ ಹೊತ್ತಿಗೆ ಮುಗಿಯಿತು. ಬ್ರಿಟಿಷರ ಕೆಂಪು ಅಠಾರ ಕಚೇರಿಯ (ಈಗಿನ ಹೈಕೋರ್ಟ್) ಎದುರಿಗೇ ನಮ್ಮ ಕಲ್ಲಲ್ಲಿ, ನಮ್ಮ ಕುಸುರಿಯಲ್ಲಿ ಎದ್ದು ನಿಲ್ಲಬೇಕು ಅನ್ನುವ ಹಟ ಅದರ ಒಂದೊಂದು ಕಂಬದಲ್ಲೂ ಇದೆ. ಬೆಂಗಳೂರು ಸುತ್ತಲಿನ ಬೂದು ಗ್ರಾನೈಟಿನ ಜೊತೆ ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ನಮ್ಮ ತುರುವೇಕೆರೆಯ ಕರಿಕಲ್ಲು ಬಳಸಿದರು. ತುಮಕೂರಿನವನಾಗಿ ನನಗೆ ಅದರ ಬಗ್ಗೆ ಹೆಮ್ಮೆ ಇದೆ.

ಆಮೇಲೆ ಪ್ರತಿ ತಾಲ್ಲೂಕಿಗೆ ಮಿನಿ ವಿಧಾನಸೌಧ ಬಂತು. ದೊಡ್ಡ ಕಟ್ಟಡದಿಂದ ಚಿಕ್ಕವು ಏನನ್ನು ತೆಗೆದುಕೊಂಡವು? ಹೆಚ್ಚಿನ ಕಡೆ ಮುಂಭಾಗದ ಗುಮ್ಮಟ, ನಾಲ್ಕು ಕಂಬ, ಮೇಲೆ ಸಿಂಹ. ವಿಧಾನಸೌಧದ ಎತ್ತರದ ಛಾವಣಿ, ದಪ್ಪ ಕಲ್ಲು, ಕಂಬಸಾಲಿನ ಆಳ, ಒಳಗೆ ಬೆಳಕು ಇಳಿಯುವ ತೆರೆದ ಅಂಗಳ ಬರಲಿಲ್ಲ. ತಾಲ್ಲೂಕು ಕಚೇರಿಗೆ ಬರುವ ರೈತರು ಪಹಣಿಗೆ, ಖಾತೆಗೆ ಎರಡು ಮೂರು ಗಂಟೆ ಕಾಯುತ್ತಾರೆ. ಅವರು ಎಲ್ಲಿ ಕೂರುತ್ತಾರೆ ನೋಡಿ. ಎದುರಿನ ಹೊಂಗೆ ಮರದ ಕೆಳಗೆ, ಇಲ್ಲ ಮೆಟ್ಟಿಲ ಮೇಲೆ, ಇಲ್ಲ ಟೀ ಅಂಗಡಿಯ ತಗಡಿನ ಕೆಳಗೆ. ಹಳೆಯ ಛತ್ರ, ಸುಂಕದಕಟ್ಟೆ, ಅರವಟಿಗೆ ಕಟ್ಟಿಸಿದವರಿಗೆ ಕಾಯುವವರಿಗೆ ಒಂದು ಕಲ್ಲಿನ ಬೆಂಚು ಬೇಕು ಅಂತ ಹೊಳೆದಿತ್ತು. ಊರವರಿಗೆ ಗೌರವ ಕೊಡುವುದು ಒಂದು ಸಂಸ್ಕೃತಿಯಾದರೆ ಅದು ಕಾಣುವುದು ಆ ಬೆಂಚಿನಲ್ಲಿ. ಈ ವಿಷಯದಲ್ಲಿ ನನಗೆ ನಿಜಕ್ಕೂ ನೋವಿದೆ.

ಹಿಂದಿನದೆಲ್ಲ ಒಳ್ಳೆಯದಿತ್ತು ಅಂತಲೂ ಅಂದುಕೊಳ್ಳಬೇಡಿ. ಕೆಜಿಎಫ್‌ಗೆ ಹೋಗಿ. ಚಿನ್ನದ ಗಣಿಯ ಅಧಿಕಾರಿಗಳ ಬಂಗಲೆಗಳಿಗೆ ಸುತ್ತ ಅಗಲವಾದ ವರಾಂಡ, ಎತ್ತರದ ಹೆಂಚಿನ ಮಾಡು, ಮರಗಳ ಸಾಲು. ನೆಲದ ಕೆಳಗೆ ಮೂರು ಕಿಲೋಮೀಟರ್ ಆಳದ ಕಾದ ಬಂಡೆಯಲ್ಲಿ ಕೆಲಸ ಮಾಡಿ ಮೇಲೆ ಬರುತ್ತಿದ್ದ ಕಾರ್ಮಿಕರಿಗೆ ಲೈನ್ ಮನೆಗಳು. ಮೊದಮೊದಲು ಬಿದಿರಿನ ತಟ್ಟಿ ಗೋಡೆ, ಒಂದೇ ಕೋಣೆ. ಹವಾಮಾನಕ್ಕೆ ಒಗ್ಗುವ ಕಟ್ಟಡ ಹೇಗಿರಬೇಕು ಅಂತ ಆ ಕಂಪನಿಗೆ ಚೆನ್ನಾಗಿ ಗೊತ್ತಿತ್ತು. ಯಾರಿಗೆ ಕೊಡಬೇಕು ಅನ್ನುವಲ್ಲಿ ಭೇದ ಮಾಡಿತು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಆ ಎರಡು ಬಗೆಯ ಮನೆಗಳು ಅಕ್ಕಪಕ್ಕ ನಿಂತು ಆ ಕಥೆ ಹೇಳುತ್ತಿವೆ. ನಿಮ್ಮ ಗ್ರಂಥಾಲಯದಲ್ಲಿ ಅಧಿಕಾರಿಯ ಕೋಣೆಗೆ ಮಾತ್ರ ಏಸಿ ಹಾಕಿ ಮಕ್ಕಳ ಕೋಣೆಯನ್ನು ಮೇಲಿನ ಮಹಡಿಯ ಬಿಸಿಲಿಗೆ ಕೊಟ್ಟರೆ ಅದೂ ಅಂಥದ್ದೇ.

ಬಯಲಿನ ಮಾತೂ ಇದೆ, ಅದನ್ನು ಬಿಡಬಾರದು. ಡಿಸೆಂಬರಿನಿಂದ ಮಾರ್ಚ್‌ವರೆಗೆ ನಮ್ಮಲ್ಲಿ ಮಳೆ ಇಲ್ಲದಷ್ಟು ಕಡಿಮೆ. ಸುಗ್ಗಿ ಮುಗಿದಿರುತ್ತದೆ. ಜಾತ್ರೆ, ರಥೋತ್ಸವ, ದನಗಳ ಪರಿಷೆ, ನಾಟಕ ಎಲ್ಲ ಆಗಲೇ. ಹಾಗಾಗಿ ನಮ್ಮ ದೊಡ್ಡ ಸಭೆಗಳಿಗೆ ಸೂರೇ ಬೇಕಾಗಿರಲಿಲ್ಲ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆ ನೋಡಿ. ಮಠದ ಸಾವಿರಾರು ಮಕ್ಕಳು ಸಾಮೂಹಿಕ ಪ್ರಾರ್ಥನೆಗೆ ಕೂರುವುದು ಬಯಲಲ್ಲೇ. ಆ ಅಂಗಳ ಯಾವ ಸಭಾಂಗಣಕ್ಕೂ ಕಡಿಮೆ ಇಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಊರೂರಿಗೆ ಟೆಂಟು ಹೊತ್ತು ಹೋಯಿತು, ನಾಟಕ ರಾತ್ರಿಯಿಡೀ ನಡೆಯಿತು. ರಾತ್ರಿ ತಂಪಾಗುವ ನಾಡಿನ ರಂಗಭೂಮಿ ಅದು. ಹೊಸ ಕಟ್ಟಡಕ್ಕೆ ಜಾಗ ಅಳೆಯುವಾಗ ಸೈಟಿನ ತುಂಬ ಕಟ್ಟಡ ಹರಡದೆ ಒಂದು ಅಂಗಳ ಉಳಿಸಿ ಅಂತ ಹೇಳುವುದು ಅದಕ್ಕೇ. ಕತೆ ಹೇಳುವ ಸಂಜೆ, ಪುಸ್ತಕದ ಸಂತೆ, ಪರೀಕ್ಷೆಗೆ ಓದುವ ಹುಡುಗರ ಗುಂಪು, ಎಲ್ಲ ಅಲ್ಲೇ ನಡೆಯುತ್ತದೆ.

ಗಾಜಿನ ಬಗ್ಗೆ ನನ್ನ ಸ್ವಂತ ತಪ್ಪನ್ನೇ ಹೇಳುತ್ತೇನೆ. ಇಪ್ಪತ್ತೈದು ವರ್ಷದ ಹಿಂದೆ ಒಂದು ಕಾಲೇಜಿನ ಕಟ್ಟಡಕ್ಕೆ ಪಶ್ಚಿಮದ ಕಡೆ ಎರಡಂತಸ್ತಿನ ಗಾಜಿನ ಮೆಟ್ಟಿಲಸಾಲೆ ಮಾಡಿದೆ. ರಸ್ತೆಗೆ ಚೆನ್ನಾಗಿ ಕಾಣುತ್ತದೆ ಅಂತ. ಲೆಕ್ಕ ಹಾಕಬೇಕಿತ್ತು, ಹಾಕಲಿಲ್ಲ. ಬೇಸಿಗೆಯ ಸಂಜೆ ನಾಲ್ಕಕ್ಕೆ ಪಶ್ಚಿಮದ ಒಂದು ಚದರ ಮೀಟರ್ ಗೋಡೆಗೆ ಸುಮಾರು 600 ವಾಟ್ ಬಿಸಿಲು ಬೀಳುತ್ತದೆ. ಸಾದಾ ಗಾಜು ಅದರ ಮುಕ್ಕಾಲು ಪಾಲನ್ನು ಒಳಗೆ ಬಿಡುತ್ತದೆ. ಇಪ್ಪತ್ತು ಚದರ ಮೀಟರ್ ಗಾಜು ಅಂದರೆ ಸಾವಿರ ವಾಟಿನ ಒಂಬತ್ತು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಕಾಯುತ್ತಿರುವ ಹಾಗೆ. ಒಳಗೆ ಬಂದ ಬಿಸಿ ಗಾಜಿನ ಮೂಲಕ ಹಾಗೇ ವಾಪಸ್ ಹೋಗುವುದೂ ಇಲ್ಲ. ಒಂದೇ ಬೇಸಿಗೆಗೆ ಹುಡುಗರು ಆ ಮೆಟ್ಟಿಲು ಬಿಟ್ಟು ಹಿಂದಿನ ಚಿಕ್ಕ ಮೆಟ್ಟಿಲಿನಲ್ಲಿ ಓಡಾಡತೊಡಗಿದರು. ಕೊನೆಗೆ ಗಾಜಿಗೆ ಕಾಗದ ಅಂಟಿಸಿದರು, ಆಮೇಲೆ ಪರದೆ, ಆಮೇಲೆ ಹಗಲಲ್ಲೇ ಟ್ಯೂಬ್‌ಲೈಟು. ಆ ಕಟ್ಟಡದ ಮುಂದೆ ಹೋದಾಗ ಈಗಲೂ ನನಗೆ ಕಸಿವಿಸಿ ಆಗುತ್ತದೆ. ಗಾಜು ಕೆಟ್ಟದ್ದಲ್ಲ. ಉತ್ತರಕ್ಕೆ ಇಡಿ, ನೆರಳೊಳಗೆ ಇಡಿ. ಪಶ್ಚಿಮಕ್ಕೆ ಮಾತ್ರ ದಯವಿಟ್ಟು ಬೇಡ.

ನಿಮ್ಮ ಜಿಲ್ಲೆಯವರಿಗೆ ಇದನ್ನು ಹೇಳಿಕೊಡುವ ಅಗತ್ಯವೂ ಇಲ್ಲ. ಶಿಡ್ಲಘಟ್ಟ, ಚಿಂತಾಮಣಿ ಸುತ್ತ ರೇಷ್ಮೆ ಹುಳು ಸಾಕುವ ಮನೆ ಎಷ್ಟು ಇಲ್ಲ? ಹುಳುವಿಗೆ 24ರಿಂದ 28 ಡಿಗ್ರಿ ಒಳಗೇ ಇರಬೇಕು, ಗಾಳಿಯಲ್ಲಿ ತೇವ ಇರಬೇಕು. ಇಲ್ಲದಿದ್ದರೆ ಗೂಡು ಕೆಡುತ್ತದೆ, ಸಾಲ ತೀರುವುದಿಲ್ಲ. ಅದಕ್ಕೆ ಅನುಭವ ಇರುವ ರೈತ ಏನು ಮಾಡುತ್ತಾನೆ? ಗೋಡೆಗೆ ನೇರ ಬಿಸಿಲು ಬೀಳದ ಹಾಗೆ ಸುತ್ತ ವರಾಂಡ ಬಿಡುತ್ತಾನೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸುತ್ತಾನೆ. ಮೇಲೆ ಬಿಸಿಗಾಳಿ ಹೋಗಲು ಕಿಂಡಿ, ಕೆಳಗೆ ತಂಗಾಳಿ ಬರಲು ಕಿಂಡಿ. ಕಿಟಕಿಗೆ ಒದ್ದೆ ಗೋಣಿಚೀಲ. ಎದುರಿಗೆ ಮರ. ಅದೇ ವರಾಂಡದಲ್ಲಿ ಚಂದ್ರಿಕೆ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ, ನಿಲ್ಲಿಸುತ್ತಾನೆ. ನಾನು ಕಾಲೇಜಿನಲ್ಲಿ ಐದು ವರ್ಷ ಕಲಿತದ್ದರಲ್ಲಿ ಬಹುಪಾಲು ಆ ಮನೆಯಲ್ಲಿ ಇದೆ. ನಿಮ್ಮ ಸಭೆಗೆ ಇಂಜಿನಿಯರನ್ನು ಕರೆಯುವಾಗ ಚೆನ್ನಾಗಿ ಹುಳು ಮೇಯಿಸುವ ಒಬ್ಬರನ್ನೂ ಕರೆಯಿರಿ. ಮನಃಪೂರ್ವಕ ಹೇಳುತ್ತಿದ್ದೇನೆ.

ಹಾಗಾದರೆ ಏನು ಕೇಳಬೇಕು.

ಕಟ್ಟಡ ಪೂರ್ವ ಪಶ್ಚಿಮಕ್ಕೆ ಉದ್ದವಾಗಿರಲಿ. ಆಗ ಉದ್ದದ ಮುಖಗಳು ಉತ್ತರ, ದಕ್ಷಿಣಕ್ಕೆ ಬರುತ್ತವೆ. ಓದುವ ಮೇಜುಗಳು ಉತ್ತರದ ಕಿಟಕಿಗೆ. ಅಲ್ಲಿನ ಬೆಳಕು ಹದವಾಗಿರುತ್ತದೆ, ಪುಸ್ತಕದ ಹಾಳೆಯೂ ಹಳದಿಯಾಗುವುದು ನಿಧಾನ. ದಕ್ಷಿಣಕ್ಕೆ ಸಜ್ಜಾ ಕಂಜೂಸ್ ಮಾಡಬೇಡಿ. ಡಿಸೆಂಬರಿನಲ್ಲಿ ನಡುಹಗಲ ಸೂರ್ಯ ನಮಗೆ 53 ಡಿಗ್ರಿಗೆ ಇಳಿದಿರುತ್ತಾನೆ. ನಾಲ್ಕು ಅಡಿ ಎತ್ತರದ ಕಿಟಕಿಯನ್ನು ಪೂರ್ತಿ ನೆರಳಲ್ಲಿ ಇಡಲು ಮೂರು ಅಡಿ ಚಾಚು ಬೇಕು. ಈಗ ಎಲ್ಲರೂ ಹಾಕುವುದು ಒಂದೂವರೆ ಅಡಿ. ಪಶ್ಚಿಮಕ್ಕೆ ಶೌಚಾಲಯ, ದಾಸ್ತಾನು ಕೋಣೆ, ಮೆಟ್ಟಿಲು, ದಪ್ಪ ಗೋಡೆ. ಅಲ್ಲಿ ಕಿಟಕಿ ಬೇಕೇ ಬೇಕು ಅಂದರೆ ಸಣ್ಣ ಕಿಂಡಿಗಳ ಜಾಲಂದ್ರ ಇಡಿ.

ಛಾವಣಿಗೆ ಖರ್ಚು ಮಾಡಿ. ಗುಮ್ಮಟಕ್ಕೆ ಇಟ್ಟ ದುಡ್ಡನ್ನು ಪೂರ್ತಿ ಅಲ್ಲಿಗೆ ಹಾಕಿದರೂ ನಷ್ಟ ಇಲ್ಲ. ಕಾಂಕ್ರೀಟಿನ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಪದರ, ಅದರ ಮೇಲೆ ಬಿಳಿ ಬಿಲ್ಲೆ ಅಥವಾ ಒಡೆದ ಬಿಳಿ ಟೈಲ್ಸ್. ಆಗದಿದ್ದರೆ ವರ್ಷಕ್ಕೊಮ್ಮೆ ಬೇಸಿಗೆಗೆ ಮೊದಲು ಬಿಳಿ ಸುಣ್ಣವನ್ನಾದರೂ ಬಳಿಯಿರಿ. ಛಾವಣಿ ಹನ್ನೆರಡು ಅಡಿ ಎತ್ತರ ಇರಲಿ, ಮೇಲ್ಭಾಗದಲ್ಲಿ ಬೆಳಕಿಂಡಿ ಇರಲಿ. ಕಿಟಕಿಗಳನ್ನು ರಾತ್ರಿ ತೆರೆದಿಟ್ಟರೂ ಭಯವಿಲ್ಲದ ಹಾಗೆ ಸರಳು, ಜಾಲರಿ ಹಾಕಿಸಿ. ಇದು ಚಿಕ್ಕ ವಿಷಯದಂತೆ ಕಾಣುತ್ತದೆ. ಆದರೆ ಸಂಜೆ ಐದಕ್ಕೆ ಎಲ್ಲ ಕಿಟಕಿ ಮುಚ್ಚಿ ಬೀಗ ಹಾಕಿಕೊಂಡು ಹೋದರೆ ದಪ್ಪ ಗೋಡೆ ಕಟ್ಟಿ ಪ್ರಯೋಜನ ಇಲ್ಲ. ನಮ್ಮ ಊರಿನ ತಂಪು ಬರುವುದು ರಾತ್ರಿ, ಆಗಲೇ ಬಾಗಿಲು ಹಾಕಿದರೆ ಹೇಗೆ?

ಮಳೆ ನೀರು. 200 ಚದರ ಮೀಟರ್ ತಾರಸಿಗೆ ವರ್ಷಕ್ಕೆ 750 ಮಿಲಿಮೀಟರ್ ಮಳೆ ಬಿದ್ದರೆ, ಪೋಲಾಗುವುದನ್ನು ಕಳೆದು ಸುಮಾರು 1 ಲಕ್ಷ 20 ಸಾವಿರ ಲೀಟರ್ ಸಿಗುತ್ತದೆ. ಒಂದು ಭಾಗವನ್ನು ಸಂಪಿನ ತೊಟ್ಟಿಗೆ, ಉಳಿದದ್ದನ್ನು ಇಂಗುಗುಂಡಿಗೆ ಬಿಡಿ. ಆ ಸಂಪನ್ನು ನೆಲದೊಳಗೆ ಹೂತು ಮರೆಯಬೇಡಿ. ನೀರು ಎಷ್ಟಿದೆ ಅಂತ ಜನರ ಕಣ್ಣಿಗೆ ಬೀಳುವ ಹಾಗೆ ಚಿಕ್ಕದೊಂದು ಕಟ್ಟೆ ಮಾಡಿ. ಕಲ್ಯಾಣಿ ಕಟ್ಟಿದವರು ಮಾಡಿದ್ದು ಅದನ್ನೇ.

ಎಲ್ಲಕ್ಕಿಂತ ಮೊದಲು ಜಗಲಿ. ಪೂರ್ವಕ್ಕೋ ಉತ್ತರಕ್ಕೋ ಕಟ್ಟಡದ ಉದ್ದಕ್ಕೂ ಎಂಟು ಅಡಿ ಅಗಲ, ಕೂರಲು ಹದಿನಾರು ಇಂಚು ಎತ್ತರದ ಕಲ್ಲಿನ ಕಟ್ಟೆ, ಮೇಲೆ ಚಾಚಿದ ಸೂರು. ಬಾಗಿಲು ಹಾಕಿದ ಮೇಲೂ, ಭಾನುವಾರವೂ, ಆ ಜಗಲಿ ಊರಿಗೆ ತೆರೆದಿರಬೇಕು. ದಿನಪತ್ರಿಕೆಯ ಸ್ಟ್ಯಾಂಡು ಅಲ್ಲೇ ಇರಲಿ. ಒಳಗೆ ಬರಲು ಸಂಕೋಚಪಡುವ ಹಿರಿಯರು, ಕುರಿ ಮೇಯಿಸಲು ಬಂದ ಹುಡುಗಿ, ಬಸ್ಸಿಗೆ ಕಾಯುವವರು ಮೊದಲು ಕೂರುವುದು ಅಲ್ಲಿ. ಆಮೇಲೆ ಒಂದು ದಿನ ಒಳಗೆ ಬರುತ್ತಾರೆ. ಸಭೆಯಲ್ಲಿ ದುಡ್ಡು ಸಾಲದು ಅಂತ ಮೊದಲು ಕತ್ತರಿ ಬೀಳುವುದು ಇದಕ್ಕೇ. ಬಿಡಬೇಡಿ, ಜಗಳವಾಡಿಯಾದರೂ ಉಳಿಸಿಕೊಳ್ಳಿ.

ಮಾದರಿ ಬೇಕಾದರೆ ದೂರ ಹೋಗಬೇಡಿ. ಯಲಹಂಕದಿಂದ ಚಿಕ್ಕಬಳ್ಳಾಪುರದ ಹಾದಿಯಲ್ಲಿ ನಂದಿ ಹಾಲ್ಟ್ ಅಂತ ಪುಟ್ಟ ರೈಲು ನಿಲ್ದಾಣ ಇದೆ, 1915ರ ಸುಮಾರಿನದು. ಅದನ್ನು ರಿಪೇರಿ ಮಾಡಿ ಉಳಿಸಿಕೊಂಡಿದ್ದಾರೆ. ದಪ್ಪ ಗೋಡೆ, ಹೆಂಚಿನ ಮಾಡು, ಕಾಯುವವರಿಗೆ ನೆರಳು. ಇಷ್ಟು ಚಿಕ್ಕ ಕಟ್ಟಡಕ್ಕೂ ಒಂದು ಘನತೆ ಬರಬಹುದು ಅಂತ ನಿಮ್ಮ ಸಭೆಯವರಿಗೆ ತೋರಿಸಲು ಅದು ಸಾಕು.

ನಕ್ಷೆ ಕೈಗೆ ಬರುವ ಮೊದಲು ನಿಮ್ಮ ಸೈಟಿಗೂ ಒಮ್ಮೆ ಮಧ್ಯಾಹ್ನ ಮೂರು ಗಂಟೆಗೆ ಹೋಗಿ. ಹೊಂಗೆಯೋ ಬೇವೋ ಇದ್ದರೆ ಅದರ ನೆರಳು ಎಲ್ಲಿಯವರೆಗೆ ಬಿದ್ದಿದೆ ಅಂತ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ. ಮರದ ಸುತ್ತಳತೆ ಬರೆದುಕೊಳ್ಳಿ. ಇಂಜಿನಿಯರ್ ಬಂದಾಗ ಮೊದಲು ಆ ಗೆರೆ ತೋರಿಸಿ, ಜಗಲಿ ಇಲ್ಲಿಗೆ ಬರಲಿ ಅನ್ನಿ.